ಏಳನೆಯ ಹೊರೆಗಲ್ಲು

ತೂಕದಕ್ಕನ ಬೆನ್ನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವನು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಮೂಟೆಯೊಂದನ್ನು ಅವಳ ಬೆನ್ನಿಗೇರಿಸಿ ‘ಮೂವತ್ತು ಕಿಲೋ’ ಅನ್ನಿ. ಅವಳು ಎರಡು ಹೆಜ್ಜೆ ಇಟ್ಟು, ‘ಮೂವತ್ಮೂರು, ಗೋಣಿ ಬೇರೆ ಒದ್ದೆ’ ಅನ್ನುತ್ತಾಳೆ. ಒಂದು ಸಲ ಪೇಟೆಯ ದೊಡ್ಡ ತಕ್ಕಡಿಗೂ ಅವಳಿಗೂ ಜಗಳವಾಯಿತು. ರಿಪೇರಿಯವನು ಬಂದು ಬಿಚ್ಚಿ ನೋಡಿದರೆ ಕೆಟ್ಟಿದ್ದದ್ದು ತಕ್ಕಡಿ. ಅಂದಿನಿಂದ ಪೇಟೆ ದಾರಿಯ ಹೇಸರಗತ್ತೆಗಳು ಕೂಡ ಅವಳನ್ನು ಕಂಡರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಭಯಕ್ಕಲ್ಲ, ಮರ್ಯಾದೆಗೆ.

ಬೆನ್ನು ಎಷ್ಟು ನಿಜವೋ ಬುದ್ಧಿ ಅಷ್ಟು ಅನುಮಾನದ್ದು. ಯಾರಾದರೂ ನಕ್ಕರೆ ಹಲ್ಲು ಎಣಿಸುತ್ತಾಳೆ. ಟೀ ಕೊಟ್ಟರೆ ಮೊದಲು ಕೊಟ್ಟವರು ಕುಡಿಯಲಿ ಎಂದು ಕಾಯುತ್ತಾಳೆ. ಅದು ಅವಳ ತಪ್ಪಲ್ಲ. ಹೊರುವವರಿಗೆ ಲೋಕ ಹೇಳುವ ಮೊದಲ ಸುಳ್ಳು ತೂಕದ್ದು. ಎರಡನೆಯದು ದೂರದ್ದು. ಮೂರನೆಯದನ್ನು ಕಾಗದದ ಮೇಲೆ ಬರೆದು ಹೆಬ್ಬೆಟ್ಟು ಕೇಳುತ್ತಾರೆ.

ಅವಳ ಕೇರಿ ಬೆಟ್ಟದ ಬುಡದಲ್ಲಿದೆ. ಇಪ್ಪತ್ತನಾಲ್ಕು ಮನೆ. ಒಂದು ಮನೆಯವರು ಸೀನಿದರೆ ಇಪ್ಪತ್ತಮೂರು ಮನೆಯವರು ಮೂಗು ಒರೆಸಿಕೊಳ್ಳಬೇಕು, ಅಷ್ಟು ಒತ್ತೊತ್ತು. ಹುಟ್ಟಿದವರೆಲ್ಲ ಹೊರುವವರು. ಬೆಟ್ಟದ ತುದಿಯಲ್ಲಿ ಹಡಗುಗಳಿಗೆ ದಾರಿ ತೋರುವ ದೀಪವಿದೆ. ಅದರ ಬ್ಯಾಟರಿ, ಕಬ್ಬಿಣ, ಸಿಮೆಂಟು, ನೋಡಲು ಬರುವವರ ಡೇರೆ, ಅವರ ನೀರು, ಅವರ ಹಾಸಿಗೆ, ಎಲ್ಲ ಇವರ ಬೆನ್ನ ಮೇಲೆಯೇ ಹತ್ತಬೇಕು. ಹಣೆಗೊಂದು ಚರ್ಮದ ಪಟ್ಟಿ, ಪಟ್ಟಿಯಿಂದ ಬೆನ್ನಿಗೆ ಹಗ್ಗ, ಹಗ್ಗದಲ್ಲಿ ಹೊರೆ. ಹತ್ತು ವರ್ಷ ಹೊತ್ತರೆ ಹಣೆಯಲ್ಲಿ ಒಂದು ತಗ್ಗು ಬೀಳುತ್ತದೆ. ಕೇರಿಯಲ್ಲಿ ಹೆಣ್ಣು ನೋಡಲು ಬಂದವರು ಮುಖ ನೋಡುವುದಿಲ್ಲ, ಆ ತಗ್ಗಿನಲ್ಲಿ ಬೆರಳಿಟ್ಟು ನೋಡುತ್ತಾರೆ ಎಂದು ಜೋಕು ಮಾಡುವವರಿದ್ದಾರೆ. ಜೋಕು ಮಾಡುವವರು ಯಾರೂ ಹೊತ್ತವರಲ್ಲ.

ಬೆಟ್ಟ ಸಮುದ್ರದ ಬಾಯಿಗೇ ನಿಂತಿದೆ. ಅದರ ಒಂದು ಕಾಲು ನೀರಿನಲ್ಲಿದೆ. ದೋಣಿಯವರು ಅದಕ್ಕೆ ಮೊಣಕೈ ಅನ್ನುತ್ತಾರೆ. ಕಡಲ ಕಡೆಯಿಂದ ನೋಡಿದರೆ ಮೋಡದ ತೋಳಿನಿಂದ ಹೊರಬಂದ ಮೊಣಕೈಯ ಹಾಗೆಯೇ ಕಾಣುತ್ತದೆ. ಆ ಕಡೆಯ ಉಪ್ಪಿನ ಮಡಿಯವರಿಗೆ ಬೆಳಗಿನ ಬಿಸಿಲು ಬೆಟ್ಟ ದಾಟಿ ಬರುವುದು ತಡ. ಅವರು ಅದನ್ನು ಬಿಸಿಲುಗಳ್ಳ ಎಂದು ಬೈಯುತ್ತಾರೆ. ಕೇರಿಯವರಿಗೆ ಅದು ಹೊರೆಯವ್ವ. ಕೇರಿಯಿಂದ ನೋಡಿ, ಬೆನ್ನು ಬಗ್ಗಿಸಿ ಹತ್ತುತ್ತಿರುವ ಹೆಂಗಸು. ಮುಂದಿನ ದಿಬ್ಬ ಅವಳ ಸೊಂಟ. ಹಿಂದೆ, ಇನ್ನೂ ಮೇಲೆ, ಒಂಟಿ ಬಂಡೆ ಇದೆಯಲ್ಲ, ಅದು ಅವಳ ಹೊರೆ. ವರ್ಷದ ಹತ್ತು ತಿಂಗಳು ಹೊರೆಯನ್ನು ಮೋಡ ಮುಚ್ಚಿರುತ್ತದೆ. ಪರಊರಿನವರು ಸೊಂಟವನ್ನೇ ತುದಿ ಎಂದುಕೊಂಡು ಕೈ ಮುಗಿದು ಹೋಗುತ್ತಾರೆ. ದೂರದ ಬೆಟ್ಟ ನುಣ್ಣಗೆ ಅನ್ನುವುದು ಹಳೆಯ ಮಾತು. ಈ ಬೆಟ್ಟ ಹತ್ತಿರದಿಂದಲೂ ಮೋಸ.

ಸರಕಾರದ ನಕ್ಷೆಯಲ್ಲಿ ಈ ಮೂರು ಹೆಸರಲ್ಲಿ ಒಂದೂ ಇಲ್ಲ. ಅಲ್ಲಿರುವುದು ಎಂಬತ್ತೇಳು ವರ್ಷದ ಹಿಂದೆ ಹಡಗಿನಿಂದಿಳಿದ ಒಬ್ಬ ಅಳತೆ ಸಾಹೇಬನ ಹೆಸರು. ಎಷ್ಟು ಉದ್ದದ ಹೆಸರೆಂದರೆ, ಕೇರಿಯ ಒಬ್ಬ ಮುದುಕ ಅದನ್ನು ಹೇಳಲು ಹೋಗಿ ಅರ್ಧದಲ್ಲೇ ನಿದ್ದೆ ಹೋದನಂತೆ. ಹಾಗಾಗಿ ಕೇರಿಯವರು ಅವನನ್ನು ಕುರ್ಚಿ ಸಾಹೇಬ ಅನ್ನುತ್ತಾರೆ. ಯಾಕೆ ಕುರ್ಚಿ ಎಂಬುದು ಕಥೆಯ ಸೊಂಟದಲ್ಲಿದೆ, ಹತ್ತಿದರೆ ಸಿಗುತ್ತದೆ.

ಬೆಟ್ಟದ ದಾರಿಯಲ್ಲಿ ಏಳು ಹೊರೆಗಲ್ಲುಗಳಿವೆ. ಎರಡು ನಿಲುಗಲ್ಲು, ಮೇಲೊಂದು ಚಪ್ಪಟೆ ಕಲ್ಲು, ಸೊಂಟದೆತ್ತರ. ಯಾರ ಸಹಾಯವಿಲ್ಲದೆ ಹೊರೆಯನ್ನು ಹಿಂದಕ್ಕೆ ಒರಗಿಸಿ ಉಸಿರು ತೆಗೆದುಕೊಳ್ಳಬಹುದು. ಏಳನೆಯದು ಹೊರೆಯವ್ವನ ಸೊಂಟದ ಮೇಲಿದೆ. ಅದರಾಚೆ ಎಂಟನೆಯದಿಲ್ಲ, ನೇರ ತುದಿ. ಕೇರಿಗೆ ಒಂದು ಕಟ್ಟುಪಾಡು ಇದೆ. ಹೊರೆಗಲ್ಲಿನ ಮೇಲೆ ಹೊರೆ ಇಳಿಸಿದವರು ಹಣೆಯ ಪಟ್ಟಿ ಬಿಚ್ಚಬಾರದು. ಪಟ್ಟಿ ಹಣೆಯಲ್ಲಿರುವ ತನಕ ಹೊರೆ ಅವರದು. ಪಟ್ಟಿ ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡರೆ ಆ ಹೊರೆ ಅಲ್ಲಿಗೆ ಮುಗಿಯಿತು. ಆಮೇಲೆ ಕೇರಿಯ ಯಾವ ಬೆನ್ನೂ ಅದನ್ನು ಎತ್ತುವುದಿಲ್ಲ, ಎತ್ತಿದವರ ಮನೆಯ ಜೊತೆ ಯಾರೂ ಮಾತಾಡುವುದಿಲ್ಲ. ಹೊತ್ತವರು ದಾರಿಯಲ್ಲಿ ಸತ್ತರೆ, ಇಲ್ಲವೇ ಹೊರೆಯ ಬಗ್ಗೆ ಸುಳ್ಳು ಹೇಳಿ ಹೊರಿಸಿದ್ದರೆ ಮಾತ್ರ ಪಟ್ಟಿ ಬಿಚ್ಚುತ್ತಾರೆ. ಅಂಥದ್ದು ಮೂರು ಸಲ ಆಗಿದೆ. ಕೊನೆಯದು ಐದನೇ ಹೊರೆಗಲ್ಲಿನಲ್ಲಿ. ನೀರಿನ ತೊಟ್ಟಿಯ ಕೆಳಗೆ ಸಿಕ್ಕಿ ಸತ್ತವನು ತೂಕದಕ್ಕನ ಗಂಡ. ಅವನ ಪಟ್ಟಿಯನ್ನು ಅವಳೇ ಬಿಚ್ಚಿದಳು. ತೊಟ್ಟಿ ಇವತ್ತಿಗೂ ಅಲ್ಲೇ ತುಕ್ಕು ಹಿಡಿದು ಬಿದ್ದಿದೆ.

ಇಂಥ ಕೇರಿಗೆ ಒಂದು ಬೆಳಿಗ್ಗೆ ನಕ್ಷೆ ಅಧಿಕಾರಿ ಬಂದರು. ಜೊತೆಗೊಬ್ಬ ವಯಸ್ಸಾದ ಗುಮಾಸ್ತರು, ಗೋಣಿಯಲ್ಲಿ ಸುತ್ತಿ ಹೊಲಿದ ಒಂದು ಚಪ್ಪಡಿ, ಮನೆಗೊಂದರಂತೆ ಇಪ್ಪತ್ತನಾಲ್ಕು ಕಂಬಳಿ. ಅಧಿಕಾರಿ ನಗುತ್ತಿದ್ದರು. ಅದೆಂಥ ನಗು ಅಂದರೆ ಬಾಯಿ ಮುಚ್ಚಿದ ಮೇಲೂ ಐದು ನಿಮಿಷ ಮುಖದ ಮೇಲೆ ಉಳಿಯುವಂಥದ್ದು.

ಕಂಬಳಿ ಕಂಡು ಕೇರಿ ಅರಳಿತು. ತೂಕದಕ್ಕ ಕಂಬಳಿಯನ್ನು ಮೂಸಿದಳು. ಬಿಡಿಸಿ ಬಿಸಿಲಿಗೆ ಹಿಡಿದಳು. ಹಿಂದಿನ ಸಲ ಹೀಗೇ ಬಂದು ಮನೆಗೊಂದು ಬಕೆಟ್ ಕೊಟ್ಟು ಮನೆಗಳನ್ನು ಎಣಿಸಿದ್ದರು. ಆಗ ಕೇರಿಯಲ್ಲಿ ನಲವತ್ತು ಮನೆಯಿದ್ದವು.

ಮೇಸ್ತ್ರಿ ಓಡಾಡುತ್ತಿದ್ದ. ಮೇಸ್ತ್ರಿ ಅಂದರೆ ಹೊರೆಯವರ ತಂಡ ಕಟ್ಟುವವನು, ಅವಳ ಮೈದುನ. ಅವನ ಕಾಲಲ್ಲಿ ಹೊಸ ಬೂಟು. ಎಷ್ಟು ಹೊಸದೆಂದರೆ ಅವನಿಗಿಂತ ಮೊದಲು ಅದರ ಸದ್ದು ಬರುತ್ತಿತ್ತು.

“ಬೂಟು ಚೆನ್ನಾಗಿದೆ ಕಣೋ,” ಎಂದಳು. “ಯಾರ ಕಾಲಿನ ಅಳತೆ ಕೊಟ್ಟು ತಗೊಂಡೆ, ನಿನ್ನದೋ ನಮ್ಮದೋ?”

“ನೀವು ಬಿಡಿ ಅತ್ತಿಗೆ, ಮೊಸರಲ್ಲೂ ಕಲ್ಲು ಹುಡುಕೋರು. ಕೆಲಸ ಮಾಡಿದ್ದಕ್ಕೆ ಖುಷಿಯಾಗಿ ಕೊಟ್ಟಿದ್ದಾರೆ.”

“ಕೆಲಸ ಇನ್ನೂ ಶುರುವೇ ಆಗಿಲ್ವಲ್ಲೋ.”

ಮೇಸ್ತ್ರಿ ಬೂಟು ನೋಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಅಧಿಕಾರಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ಶಿಖರಕ್ಕೆ ಹೊಸ ನಕ್ಷೆ ಬರುತ್ತಿದೆ. ತುದಿಯಲ್ಲಿ ಒಂದು ಚಪ್ಪಡಿ ನೆಡಬೇಕು. ಅದನ್ನು ಸಿಮೆಂಟು, ನೀರು, ನಾಲ್ಕು ಕುರ್ಚಿಗಳ ಸಮೇತ ಮೇಲೆ ಮುಟ್ಟಿಸಬೇಕು. ನಾಡಿದ್ದು ಹೊರಡುವುದು. “ಚಪ್ಪಡಿ ನಲವತ್ತು ಕಿಲೋ ಅಷ್ಟೇ.”

ತೂಕದಕ್ಕ ಎದ್ದು ಚಪ್ಪಡಿಯ ಒಂದು ಮೂಲೆಯನ್ನು ಎತ್ತಿ ಬಿಟ್ಟಳು. “ಐವತ್ತೆರಡು.”

“ಇಲ್ಲಮ್ಮ, ಚೀಟಿಯಲ್ಲಿ ನಲವತ್ತು ಅಂತಾನೇ ಬರೆದಿದೆ.”

“ಹಂಗಾದ್ರೆ ಚೀಟಿ ಹೊರಲಿ ಸಾರ್.”

ಕೇರಿ ನಕ್ಕಿತು. ಅಧಿಕಾರಿಯೂ ನಕ್ಕರು, ಆದರೆ ಈ ಸಲದ ನಗು ಬೇಗ ಇಳಿಯಿತು.

“ಒಳಗೆ ಏನು ಕೆತ್ತಿದೆ? ಯಾಕೆ ಹೊಲಿದಿದ್ದೀರಿ?”

“ಉಜ್ಜಿ ಹೋಗಬಾರದು ಅಂತ. ಮೇಲೆ ಹೋದ ಮೇಲೆ ನೋಡುವಿರಂತೆ. ಈಗ ಇದಕ್ಕೆ ಮನೆಗೊಬ್ಬರು ಹೆಬ್ಬೆಟ್ಟು ಒತ್ತಿ. ಕಂಬಳಿ ತಲುಪಿದ್ದಕ್ಕೆ, ಅಷ್ಟೇ.”

ಗುಮಾಸ್ತರು ಕಾಗದವನ್ನು ಮೇಜಿನ ಮೇಲೆ ಇಟ್ಟರು. ಇಲ್ಲಿ ಗುಮಾಸ್ತರ ಒಂದು ಚಟ ಹೇಳಬೇಕು. ಮೂವತ್ತು ವರ್ಷ ಅವರ ಕೆಲಸವೆಂದರೆ ಕಾಗದ ಗಟ್ಟಿಯಾಗಿ ಓದುವುದು, ಎದುರಿನವರು ನಕಲು ಮಾಡಿಕೊಳ್ಳುವುದು. ಈಗ ಅವರ ಕಣ್ಣಿಗೂ ಬಾಯಿಗೂ ಮಧ್ಯೆ ಬಾಗಿಲೇ ಉಳಿದಿಲ್ಲ. ಕಂಡದ್ದೆಲ್ಲ ಹೊರಗೆ ಬರುತ್ತದೆ. ಸೋಪಿನ ಕವರು ಕಂಡರೆ ಸೋಪು ಓದುತ್ತಾರೆ. ಆಸ್ಪತ್ರೆಯಲ್ಲಿ ತಮ್ಮದೇ ರೋಗದ ಹೆಸರನ್ನು ಎಂಟು ಹಾಸಿಗೆಗೆ ಕೇಳುವಂತೆ ಓದಿದ್ದರಂತೆ. ಇಂಕಿನ ಡಬ್ಬಿ ತೆರೆಯುತ್ತ ಅವರು ಗುನುಗಿದರು.

“...ಈ ಶಿಖರಕ್ಕೆ ನಕ್ಷೆಯಲ್ಲಿರುವ ಹೆಸರಿನ ಹೊರತು ಬೇರೆ ಹೆಸರಿಲ್ಲವೆಂದೂ, ಸದರಿ ದಾರಿಯು ಸಾಹೇಬರ ಪ್ರಥಮ ಆರೋಹಣದ ನಂತರ ಉಂಟಾದದ್ದೆಂದೂ, ದಾರಿಯ ಬದಿಯ ಗುಡಿಸಲುಗಳು ಅನಂತರದ ಒತ್ತುವರಿ ಎಂದೂ ನಾವುಗಳು ಒಪ್ಪಿ...”

“ರೀ!” ಎಂದರು ಅಧಿಕಾರಿ.

ಗುಮಾಸ್ತರು ಬಾಯಿಗೆ ಕೈ ಇಟ್ಟುಕೊಂಡರು. ತಡವಾಗಿತ್ತು.

“ಏನಂದ್ರಿ? ಒತ್ತುವರಿ?” ತೂಕದಕ್ಕ ಕೇಳಿದಳು.

“ಆಫೀಸಿನ ಭಾಷೆ ತಾಯಿ. ನಿಮಗದು ಬೇಡ.”

“ನನಗೆ ಬೇಡದ್ದಕ್ಕೆ ನನ್ನ ಹೆಬ್ಬೆಟ್ಟು ಯಾಕೆ ಬೇಕು?”

ಅವಳು ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಹೊರೆ ಮುಟ್ಟಿಸಿದ ಮೇಲೆ ಹೆಬ್ಬೆಟ್ಟು, ಮೊದಲು ಒತ್ತುವ ಪದ್ಧತಿ ನಮ್ಮಲ್ಲಿಲ್ಲ ಎಂದಳು. ಕೇರಿಯ ಹಿರಿಯರೂ ತಲೆ ಆಡಿಸಿದರು. ಹಾಗಾದರೆ ತುದಿಯಲ್ಲೇ ಒತ್ತಿ ಎಂದು ಅಧಿಕಾರಿ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದು ಅವಳಿಗೆ ಇನ್ನಷ್ಟು ಅನುಮಾನ.

ಅವರು ಹೋದ ಮೇಲೆ ಅವಳು ಕೇರಿಯ ಮಧ್ಯೆ ನಿಂತು ಹೇಳಿದಳು. “ಕೇಳಿಸಿತಲ್ಲ? ದಾರಿ ನಮ್ಮದಲ್ಲ ಅಂದ್ರೆ ದಾರಿ ಪಕ್ಕದ ಮನೆಯೂ ನಮ್ಮದಲ್ಲ. ತಂತಿ ಮೇಲೆ ತೂಗಾಡೋ ಗಾಡಿ ಬರುತ್ತೆ ಅಂತ ಪೇಟೆಯಲ್ಲಿ ಮಾತು. ಅದರ ಕಾಲೂರೋಕೆ ಜಾಗ ಬೇಕು. ಇದೇ ಜಾಗ.”

“ಅದು ಗುಮಾಸ್ತರ ಚಟ ಅತ್ತಿಗೆ,” ಎಂದ ಮೇಸ್ತ್ರಿ. “ಯಾವುದೋ ಹಳೇ ಕಾಗದದ ರಾಗ. ನಿಮ್ಮ ಅನುಮಾನಕ್ಕೆ ಇಡೀ ಕೇರಿಯ ಕೆಲಸ ಹೋಗಬೇಕಾ?”

ಅರ್ಧ ಕೇರಿ ಅವನ ಕಡೆ ನೋಡಿತು, ಅರ್ಧ ಕಂಬಳಿಯ ಕಡೆ. ಅವಳ ಕಡೆ ಯಾರೂ ನೋಡಲಿಲ್ಲ.

“ಆಯ್ತು,” ಎಂದಳು. “ಆ ಚಪ್ಪಡಿ ನನ್ನ ಬೆನ್ನಿಗೇ ಹಾಕು.”

ಸಂಜೆ ಅವಳ ಅವ್ವ ಬಾಗಿಲಲ್ಲಿ ಕೂತು ಪಟ್ಟಿಗೆ ಎಣ್ಣೆ ತಿಕ್ಕುತ್ತಿದ್ದಳು. ಅವ್ವನಿಗೆ ಎಂಬತ್ತಾರು. ಹಣೆಯ ತಗ್ಗಿನಲ್ಲಿ ಮಳೆ ಬಂದರೆ ಗುಬ್ಬಚ್ಚಿ ನೀರು ಕುಡಿಯಬಹುದು. ಹಲ್ಲು ಒಂದೂ ಇಲ್ಲ, ಆದರೆ ಬಾಯಿಗೆ ಬಿದ್ದವರು ಬದುಕಿ ಬಂದದ್ದಿಲ್ಲ.

“ಪ್ರಥಮ ಆರೋಹಣವಂತೆ ಅವ್ವ. ಸಾಹೇಬನದು.”

“ಅವನ ಪಿಂಡ. ಆ ತುದಿಗೆ ಅವನಿಗಿಂತ ಮೊದಲು ಹೋದೋಳು ನಾನು. ಹುಟ್ಟೋಕೂ ಮೊದ್ಲೇ ಹೋಗಿದ್ದೆ.”

ಈ ಮಾತನ್ನು ಅವ್ವ ಕನಿಷ್ಠ ಹತ್ತು ಸಾವಿರ ಸಲ ಹೇಳಿದ್ದಾಳೆ. ತೂಕದಕ್ಕ ಇನ್ನೊಂದು ಸಲ ಕೇಳಿಸಿಕೊಂಡಳು, ಈ ಸಲ ತೂಕ ಹಾಕುತ್ತ.

ಕುರ್ಚಿ ಸಾಹೇಬ ಬಂದಾಗ ಅವ್ವ ತನ್ನ ಅವ್ವನ ಹೊಟ್ಟೆಯಲ್ಲಿ ಆರು ತಿಂಗಳು. ಸಾಹೇಬನಿಗೆ ಬೆಟ್ಟ ಅಳೆಯಬೇಕಿತ್ತು, ನಡೆಯಬೇಕಿರಲಿಲ್ಲ. ಒಂದು ಬೆತ್ತದ ಕುರ್ಚಿಗೆ ಹಗ್ಗ ಕಟ್ಟಿ ತೂಕದಕ್ಕನ ಅಜ್ಜಿಯ ಹಣೆಗೆ ಪಟ್ಟಿ ಹಾಕಿದರು. ಮುಂದೆ ಹೊಟ್ಟೆ, ಹಿಂದೆ ಸಾಹೇಬ. ಅವನು ಬೆನ್ನಿಗೆ ಬೆನ್ನು ಕೊಟ್ಟು ಕಡಲು ನೋಡುತ್ತ, ಚುಟ್ಟಾ ಸೇದುತ್ತ ಕೂತಿದ್ದ. ಬೂದಿ ಅಜ್ಜಿಯ ಕತ್ತಿಗೆ ಬೀಳುತ್ತಿತ್ತು. ಏಳನೇ ಹೊರೆಗಲ್ಲಿಗೆ ಬಂದಾಗ ಮಂಜು ಸರಿಯಿತು. ಸಾಹೇಬ ಕೆಳಗೆ ನೋಡಿದ. ಅಷ್ಟೇ. ಮುಖ ಸುಣ್ಣವಾಯಿತು, ಚುಟ್ಟಾ ಬಿತ್ತು, ಕುರ್ಚಿಯ ಕೈ ಹಿಡಿದವನು ಬಿಡಲಿಲ್ಲ. ಕುರ್ಚಿಯನ್ನು ಹೊರೆಗಲ್ಲಿನ ಮೇಲೆ ಇಳಿಸಿಕೊಂಡು ಕೂತ. ಅಲ್ಲೇ ಗಾಜಿನ ಕೊಳವೆ ತೆಗೆದು ಎತ್ತರ ನೋಡಿ ಪುಸ್ತಕದಲ್ಲಿ ಬರೆದ. ಬಾವುಟದ ಕೋಲನ್ನು ಅಜ್ಜಿಯ ಕೈಗೆ ಕೊಟ್ಟು ಬೆರಳು ತೋರಿಸಿದ. ಅಜ್ಜಿ ಹೊಟ್ಟೆ ಹಿಡಿದುಕೊಂಡು ತುದಿಗೆ ಹೋಗಿ ನೆಟ್ಟು ಬಂದಳು. ಅವಳಿಗೆ ಆ ತುದಿ ಹೊಸತಲ್ಲ. ದೀಪ ಬರುವ ಮೊದಲು ದಾರಿ ತಪ್ಪಿದ ದೋಣಿಗಳಿಗೆಂದು ಅಲ್ಲಿ ಬೆಂಕಿ ಹಾಕುತ್ತಿದ್ದದ್ದು ಇದೇ ಕೇರಿ. ಹಡಗಿನವರು ದುರ್ಬೀನಿನಲ್ಲಿ ಬಾವುಟ ನೋಡಿ ಸಾಹೇಬ ಗೆದ್ದ ಎಂದು ಫಿರಂಗಿ ಹಾರಿಸಿದರು.

“ಇಳಿಯುವಾಗ ಕುರ್ಚಿಯಲ್ಲೇ ಉಚ್ಚೆ ಹೊಯ್ದಿದ್ದ,” ಎಂದಳು ಅವ್ವ. “ಅದೂ ನಮ್ಮವ್ವನ ಬೆನ್ನ ಮೇಲೆಯೇ ಇಳಿಯಿತು. ಅದನ್ನೂ ಕೆತ್ತಿಸಿದ್ದಾರಾ ಕೇಳು.”

ತೂಕದಕ್ಕ ನಗಲಿಲ್ಲ. “ಅವ್ವ, ಎತ್ತರ ಬರೆದದ್ದು ಎಲ್ಲಿ ಅಂದೆ?”

“ಕಿವುಡಿ. ಏಳನೇ ಕಲ್ಲಲ್ಲಿ. ಕುರ್ಚಿಯಲ್ಲಿ.”

ಮೂರನೆಯ ಬೆಳಿಗ್ಗೆ ತಂಡ ಹೊರಟಿತು. ಹದಿಮೂರು ಬೆನ್ನು. ತೂಕದಕ್ಕನದು ಮುಂದೆ. ಬೆಟ್ಟಕ್ಕೆ ಕಲ್ಲು ಹೊರುವುದು ಎಂದು ಜನ ಗಾದೆಯ ಹಾಗೆ ಆಡುತ್ತಾರೆ. ಅದರ ಅರ್ಥ ಕೇಳಬೇಕಾದರೆ ಅವಳ ಮೊಣಕಾಲನ್ನು ಕೇಳಬೇಕು. ಐವತ್ತೆರಡು ಕಿಲೋ ಮೊದಲ ಹೊರೆಗಲ್ಲಿನವರೆಗೆ ಐವತ್ತೆರಡು. ಮೂರನೆಯದರ ಹತ್ತಿರ ಅದು ಎಂಬತ್ತು. ಐದನೆಯದಕ್ಕೆ ಬಂದಾಗ ಒಂದು ಎತ್ತು ಬೆನ್ನ ಮೇಲೆ ಮಲಗಿ ನಿದ್ದೆ ಮಾಡುತ್ತಿರುತ್ತದೆ. ಪಟ್ಟಿ ಹಣೆಗೆ ಕಚ್ಚುತ್ತದೆ. ಕತ್ತಿನ ನರ ಕಿವಿಯವರೆಗೆ ಬಿಗಿಯುತ್ತದೆ. ಕಣ್ಣಿಗೆ ತನ್ನ ಕಾಲ್ಬೆರಳು, ಮುಂದಿನ ಕಲ್ಲು, ಅಷ್ಟೇ ಕಾಣುತ್ತದೆ. ಹೊರುವವರು ಬೆಟ್ಟ ನೋಡುವುದಿಲ್ಲ. ಬೆವರು ಬಾಯಿಗೆ ಬಂದರೆ ಕುಡಿಯುತ್ತಾರೆ.

ಕುಡಿಯಲು ಬೇರೆ ನೀರಿರಲಿಲ್ಲ ಎಂದಲ್ಲ. ಮೂರು ಜನರ ಬೆನ್ನ ಮೇಲೆ ಅರವತ್ತು ಲೀಟರು ನೀರಿತ್ತು. ನಾಲ್ಕನೇ ಹೊರೆಗಲ್ಲಿನಲ್ಲಿ ಒಬ್ಬಳು ಕ್ಯಾನಿನ ಮುಚ್ಚಳಕ್ಕೆ ಕೈ ಹಾಕಿದಳು.

“ಅದು ಅತಿಥಿಗಳದು,” ಎಂದರು ಅಧಿಕಾರಿ. ಅವರ ಕೈಯಲ್ಲಿ ಒಂದು ಕೋಲು, ಕುತ್ತಿಗೆಯಲ್ಲಿ ಎತ್ತರ ತೋರಿಸುವ ಸಣ್ಣ ಯಂತ್ರ. ಅವರ ಪಾಲಿಗೆ ತೂಕವೆಂದರೆ ಅಷ್ಟೇ. “ನಿಮಗೆ ಕೆಳಗೆ ಹೋದ ಮೇಲೆ.”

ಐದನೇ ಹೊರೆಗಲ್ಲಿನಲ್ಲಿ, ತುಕ್ಕು ಹಿಡಿದ ತೊಟ್ಟಿಯ ಪಕ್ಕ, ಅವರು ಇನ್ನೊಂದು ನಿಯಮ ಹೇಳಿದರು. ನಾಳೆ ದೊಡ್ಡವರು ಹೆಲಿಕಾಪ್ಟರಿನಲ್ಲಿ ಬರುತ್ತಾರೆ. ಫೋಟೋ ತೆಗೆಯುವಾಗ ಹೊರೆಯವರು ಬಂಡೆಯ ಹಿಂದೆ ಕೂರಬೇಕು. “ಬಗ್ಗಿ ಕೂರಿ. ತಲೆ ಕಾಣಬಾರದು. ಚಿತ್ರದಲ್ಲಿ ಶಿಖರ ಖಾಲಿ ಇರಬೇಕು, ಚೆನ್ನಾಗಿರುತ್ತೆ.”

ತೂಕದಕ್ಕ ತೊಟ್ಟಿಯನ್ನು ನೋಡಿದಳು. ಮೈದುನನನ್ನು ನೋಡಿದಳು. ಆ ತೊಟ್ಟಿಯ ಕೆಳಗೆ ಸತ್ತವನು ಅವನ ಅಣ್ಣ. ಮೇಸ್ತ್ರಿ ಬೂಟಿನ ಲಾಡಿ ಕಟ್ಟುತ್ತಿದ್ದ. ಮೂರನೇ ಸಲ ಕಟ್ಟುತ್ತಿದ್ದ.

ಆರನೆಯದು ದಾಟಿತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಏಳನೆಯದು. ಸೊಂಟದ ಮೇಲೆ ಗಾಳಿ. ಕೆಳಗೆ ಕಡಲು, ಬೆನ್ನು ತಣ್ಣಗಾಗುವಷ್ಟು ಆಳದಲ್ಲಿ. ಮೇಲೆ ಮೋಡದೊಳಗೆ ಹೊರೆಯವ್ವನ ಹೊರೆ. ಅವಳು ತಿರುಗಿ ಚಪ್ಪಡಿಯನ್ನು ಹೊರೆಗಲ್ಲಿನ ಮೇಲೆ ಒರಗಿಸಿದಳು. ಹಗ್ಗ ಸಡಿಲಿಸಿದಳು. ಚಪ್ಪಡಿ ಮಲಗಿತು. ಮಡಿಲಿನಿಂದ ಕುಡುಗೋಲು ತೆಗೆದು ಗೋಣಿಯ ಹೊಲಿಗೆಯನ್ನು ಈ ತುದಿಯಿಂದ ಆ ತುದಿಗೆ ಸೀಳಿದಳು.

“ಏಯ್! ಏನು ಮಾಡ್ತಿದ್ದೀಯ?” ಅಧಿಕಾರಿ ಓಡಿ ಬಂದರು.

ಅವರಿಗಿಂತ ಮೊದಲು ಗುಮಾಸ್ತರ ಕಣ್ಣು ಬಂದಿತ್ತು. ಕಣ್ಣು ಬಂದ ಮೇಲೆ ಬಾಯಿ ನಿಲ್ಲುತ್ತದೆಯೇ? ಅವರು ಏದುಸಿರಿನಲ್ಲೇ ಓದಿದರು. ಸಾಹೇಬನ ಉದ್ದ ಹೆಸರನ್ನು ಪೂರ್ತಿ ಓದಿದರು. ಆಮೇಲೆ, “...ಮನುಷ್ಯರ ಹೆಜ್ಜೆ ಬೀಳದ ಈ ಶಿಖರವನ್ನು ಮೊಟ್ಟಮೊದಲು ಏರಿ, ಎತ್ತರವನ್ನು ತುದಿಯಲ್ಲೇ ಅಳೆದ ಮಹನೀಯರ ನೆನಪಿಗೆ. ಎರಡು ಸಾವಿರದ ಒಂಬೈನೂರ ಹದಿನಾಲ್ಕು ಅಡಿ.”

ಹನ್ನೆರಡು ಬೆನ್ನುಗಳು ಅಲ್ಲಲ್ಲೇ ನಿಂತವು.

“ಮನುಷ್ಯರ ಹೆಜ್ಜೆ ಬೀಳದ,” ಎಂದಳು ತೂಕದಕ್ಕ. “ನಮ್ಮಜ್ಜಿಯ ಕಾಲು ಏನಾಗಿತ್ತು ಸಾರ್? ಗೊರಸಾ?”

“ಅದೆಲ್ಲ ಇತಿಹಾಸ ಕಣಮ್ಮ. ನಿನಗೆ ಗೊತ್ತಾಗಲ್ಲ. ಎತ್ತಿಕೋ, ಮಂಜು ಬರುತ್ತೆ.”

“ಕುತ್ತಿಗೇಲಿರೋದು ಎತ್ತರ ಹೇಳುತ್ತಾ?”

“ಹೇಳುತ್ತೆ. ಅದಕ್ಕೂ ನಿನಗೂ ಏನು?”

“ಇಲ್ಲಿ ಎಷ್ಟು ಹೇಳುತ್ತೆ, ನೋಡಿ ಹೇಳಿ.”

ಅಧಿಕಾರಿ ಯಂತ್ರವನ್ನು ಅಂಗಿಯೊಳಗೆ ಹಾಕಿಕೊಳ್ಳಲು ಹೋದರು. ಅವರಿಗೆ ಗೊತ್ತಿತ್ತು. ಹೋದ ತಿಂಗಳು ತುದಿಯಲ್ಲಿ ಅದು ಮೂರು ಸಾವಿರದ ನೂರ ನಲವತ್ತು ತೋರಿಸಿತ್ತು. ಪುಸ್ತಕಕ್ಕಿಂತ ಇನ್ನೂರ ಇಪ್ಪತ್ತಾರು ಅಡಿ ಹೆಚ್ಚು. ಆಫೀಸು ಏನು ಬರೆದುಕೊಂಡಿತು ಗೊತ್ತೇ? ಬೆಟ್ಟ ಬೆಳೆದಿದೆ ಎಂದು ಬರೆದುಕೊಂಡಿತು. ಮಳೆಗೆ ಅಣಬೆ ಬೆಳೆದ ಹಾಗೆ. ಸಾಹೇಬ ಸುಳ್ಳು ಹೇಳಿರಬಹುದು ಎಂಬುದಕ್ಕಿಂತ ಬೆಟ್ಟ ಬೆಳೆಯುವುದು ಅವರಿಗೆ ಸುಲಭವಾಗಿ ಕಂಡಿತು.

ಗಾಳಿ ದಾರವನ್ನು ಎಳೆಯಿತು. ಯಂತ್ರ ತಿರುಗಿ ಗುಮಾಸ್ತರ ಮುಖದ ಎದುರು ತೂಗಿತು. ಅಂಕಿಗಳು ಮಿನುಗುತ್ತಿದ್ದವು.

“ಎರಡು ಸಾವಿರದ ಒಂಬೈನೂರ ಹದಿಮೂರು,” ಎಂದರು ಗುಮಾಸ್ತರು. “ಹದಿನಾಲ್ಕು. ಹದಿಮೂರು. ಹದಿನಾಲ್ಕು.” ಅಲ್ಲಿ ನಿಂತರು. ಚಪ್ಪಡಿಯನ್ನು ನೋಡಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ, ಓದಿದ್ದು ಅವರ ಕಿವಿಗೂ ಬಿತ್ತು. “ಅಯ್ಯೋ ದೇವರೇ... ಇಲ್ಲಿಗೇನಾ?”

“ಇಲ್ಲಿಗೇ,” ಎಂದಳು ತೂಕದಕ್ಕ. “ಸಾಹೇಬ್ರು ಬಂದದ್ದು ಇಲ್ಲಿಗೇ. ಈ ಕಲ್ಲಿನ ಮೇಲೆ ಕುರ್ಚಿ ಇಳಿಸಿಕೊಂಡು ಗಡಗಡ ನಡುಗ್ತಾ ಕೂತಿದ್ರು. ಮೇಲೆ ಹೋದೋಳು ನಮ್ಮಜ್ಜಿ, ಬಸುರಿ ಹೆಂಗಸು. ಇನ್ನೊಂದು ಹೇಳಿ ಸಾರ್. ದಾರಿ ಸಾಹೇಬ್ರಾದ ಮೇಲೆ ಹುಟ್ಟಿದ್ದು ಅಂತ ಕಾಗದದಲ್ಲಿ ಬರೆದಿದ್ದೀರಲ್ಲ, ಹಾಗಾದ್ರೆ ಅವರ ಕುರ್ಚಿ ಇಳಿಸಿದ ಹೊರೆಗಲ್ಲು ಯಾರು ತಂದಿಟ್ರು? ಹಡಗಲ್ಲಿ ತಂದಿದ್ರಾ?”

ಅಧಿಕಾರಿಯ ಮುಖದಲ್ಲಿ ಈಗ ನಗುವಿನ ಗುರುತೂ ಇರಲಿಲ್ಲ. “ಮೇಸ್ತ್ರಿ! ಈ ಹೆಂಗಸಿನ ಬಾಯಿ ಮುಚ್ಚಿಸು. ಇದನ್ನ ಎತ್ತಿಸು. ಇಲ್ಲದಿದ್ದರೆ ನಾಳೆಯಿಂದ ನಿಮ್ಮಲ್ಲಿ ಒಬ್ಬರಿಗೂ ಈ ಬೆಟ್ಟದಲ್ಲಿ ಕೆಲಸ ಇಲ್ಲ. ಹೇಸರಗತ್ತೆ ತರಿಸ್ತೀನಿ.”

“ಅತ್ತಿಗೆ,” ಮೇಸ್ತ್ರಿ ಮುಂದೆ ಬಂದ. “ಇನ್ನೂರು ಅಡಿ. ಇಟ್ಟು ಬಂದ್ಬಿಡಿ. ಆಮೇಲೆ ಕೂತು ಮಾತಾಡೋಣ. ಕೈ ಮುಗೀತೀನಿ.”

“ಇನ್ನೂರ ಇಪ್ಪತ್ತಾರು,” ಎಂದರು ಗುಮಾಸ್ತರು, ತಮ್ಮಷ್ಟಕ್ಕೆ.

ತೂಕದಕ್ಕ ಎರಡೂ ಕೈ ಎತ್ತಿದಳು. ಹಣೆಯ ಪಟ್ಟಿಯ ಗಂಟಿಗೆ ಬೆರಳು ಹಾಕಿದಳು. ಯಾರೋ ಹಿಂದಿನಿಂದ ‘ಬೇಡ’ ಎಂದರು. ಪಟ್ಟಿ ಬಿಚ್ಚಿಕೊಂಡಿತು. ತಗ್ಗಿನಲ್ಲಿ ನಿಂತಿದ್ದ ಬೆವರು ಮೂಗಿನ ಮೇಲೆ ಇಳಿಯಿತು. ಅವಳು ಪಟ್ಟಿಯನ್ನು ಒರೆಸಿ, ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು.

“ಸಾಹೇಬ್ರ ಹೆಸರು ಸಾಹೇಬ್ರು ಹತ್ತಿದಷ್ಟೇ ಹತ್ತಲಿ. ಮುಂದಕ್ಕೆ ಬೇಕಿದ್ರೆ ತಾನೇ ನಡ್ಕೊಂಡು ಹೋಗಲಿ. ನಾನು ಹೊರಲ್ಲ.”

ಅಧಿಕಾರಿ ಒಬ್ಬೊಬ್ಬರ ಮುಂದೆ ಹೋಗಿ ನಿಂತರು. ನೀನು ಎತ್ತು. ನೀನು. ನೀನಾದರೂ ಎತ್ತು, ಎರಡು ಕಂಬಳಿ ಕೊಡುತ್ತೇನೆ. ಕಂಬಳಿಯ ಮಾತು ಬಂದಾಗ ನೀರು ಹೊತ್ತಿದ್ದವಳು ಕ್ಯಾನನ್ನು ನೆಲಕ್ಕಿಳಿಸಿದಳು. ಮುಚ್ಚಳ ತೆರೆದಳು. ಬೊಗಸೆ ತುಂಬ ನೀರು ಹಿಡಿದು ಕುಡಿದಳು, ಗಟಗಟನೆ, ಅಧಿಕಾರಿಯ ಮುಖ ನೋಡುತ್ತಲೇ. ಆಮೇಲೆ ಪಟ್ಟಿ ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡಳು. ಸಿಮೆಂಟಿನವನು ಬಿಚ್ಚಿದ. ಕುರ್ಚಿ ಹೊತ್ತವರು ನಾಲ್ವರೂ ಬಿಚ್ಚಿದರು. ತೂಕದಕ್ಕ ಎಣಿಸುತ್ತಿದ್ದಳು, ಅವಳಿಗೆ ಇನ್ನೂ ನಂಬಿಕೆಯಿರಲಿಲ್ಲ. ಒಂಬತ್ತು. ಹತ್ತು. ಹನ್ನೊಂದು. ಹನ್ನೆರಡು. ಹದಿಮೂರು.

ಮೇಸ್ತ್ರಿಯ ಹಣೆಯಲ್ಲಿ ಪಟ್ಟಿಯಿರಲಿಲ್ಲ. ಅವನು ಹೊರುವುದು ಬಿಟ್ಟು ನಾಲ್ಕು ವರ್ಷವಾಗಿತ್ತು. ಬಿಚ್ಚಲು ಏನೂ ಇಲ್ಲದೆ ಅವನು ಬಹಳ ಹೊತ್ತು ನಿಂತಿದ್ದ. ಕೊನೆಗೆ ಕೂತು ಬೂಟು ಬಿಚ್ಚಿದ. ಎರಡನ್ನೂ ಜೋಡಿಸಿ ಚಪ್ಪಡಿಯ ಪಕ್ಕ ಇಟ್ಟ. ಬರಿಗಾಲಲ್ಲಿ ಬಂದು ಅತ್ತಿಗೆಯ ಹಿಂದೆ ನಿಂತ.

ಅಧಿಕಾರಿಯೂ ಗುಮಾಸ್ತರೂ ಚಪ್ಪಡಿಯ ಎರಡು ತುದಿ ಹಿಡಿದರು. ಎತ್ತಿದರು. ಅಂದರೆ ಎತ್ತಲು ನೋಡಿದರು. ಆ ಹೊತ್ತಿನಲ್ಲಿ ಅಧಿಕಾರಿಯ ಮುಖ ಏಳು ಬಣ್ಣ ತಿರುಗಿತು, ಅಂಗಿಯ ಮೂರು ಗುಂಡಿ ಹಾರಿ ಒಂದು ಕಡಲಿಗೇ ಬಿತ್ತು ಎಂದು ಕಂಡವರು ಆಣೆಯಿಟ್ಟು ಹೇಳುತ್ತಾರೆ. ಚಪ್ಪಡಿ ಕೂದಲೆಳೆಯಷ್ಟೂ ಅಲುಗಲಿಲ್ಲ.

“ಎಷ್ಟು ಕಿಲೋ ಸಾರ್?” ಎಂದು ಕೇಳಿದಳು ತೂಕದಕ್ಕ.

ಉತ್ತರ ಕೊಟ್ಟದ್ದು ಗುಮಾಸ್ತರು. “ಐವತ್ತೆರಡೇ ತಾಯಿ.”

ಅವಳು ತಿರುಗಿ ಮೇಲಕ್ಕೆ ಹೊರಟಳು. ನಲವತ್ತೊಂದು ವರ್ಷದ ಆಯುಷ್ಯದಲ್ಲಿ ಬೆನ್ನ ಮೇಲೆ ಏನೂ ಇಲ್ಲದೆ ತುದಿಗೆ ಹೋಗುತ್ತಿದ್ದದ್ದು ಅದೇ ಮೊದಲು. ಬೆನ್ನಿಗೆ ಗಾಳಿ ತಾಗಿ, ಯಾರೋ ಹಿಂದಿನಿಂದ ಮುಟ್ಟಿದಂತಾಗಿ ಎರಡು ಸಲ ತಿರುಗಿ ನೋಡಿದಳು. ಯಾರೂ ಮುಟ್ಟಿರಲಿಲ್ಲ. ಹನ್ನೆರಡು ಜನ ಅವಳ ಹಿಂದೆ ಬರುತ್ತಿದ್ದರು, ನೆಟ್ಟಗೆ, ತಲೆ ಎತ್ತಿಕೊಂಡು. ಹದಿಮೂರನೆಯವನು ಮೇಸ್ತ್ರಿ, ಮುಳ್ಳು ಚುಚ್ಚಿಸಿಕೊಂಡು ಕುಂಟುತ್ತ. ತುದಿಯಲ್ಲಿ ಅವರು ಬಂಡೆಯ ಹಿಂದೆ ಕೂರಲಿಲ್ಲ. ಮೇಲೆ ಕೂತರು.

ಮರುದಿನ ಹೆಲಿಕಾಪ್ಟರು ಬಂದು ಎರಡು ಸುತ್ತು ಹಾಕಿ, ಚಪ್ಪಡಿಯಿಲ್ಲದ ತುದಿಯನ್ನು ನೋಡಿ ಹಿಂದಿರುಗಿತು. ಅಧಿಕಾರಿ ನಿಜಕ್ಕೂ ಹೇಸರಗತ್ತೆಗಳನ್ನು ತರಿಸಿದರು. ಅವು ಆರನೇ ಹೊರೆಗಲ್ಲಿನ ಮೆಟ್ಟಿಲಲ್ಲಿ ಮುಷ್ಕರ ಹೂಡಿದವು. ಕೇರಿಯವರು ಕಲಿಸಿಕೊಟ್ಟರು ಎಂದು ಆಫೀಸಿನಲ್ಲಿ ದೂರು ದಾಖಲಾಗಿದೆ. ಒತ್ತುವರಿಯ ನೋಟಿಸೂ ಬಂತು. ಅದನ್ನು ತಂದ ಗುಮಾಸ್ತರು ಕೇರಿಯ ನಡುವೆ ನಿಂತು ಗಟ್ಟಿಯಾಗಿ ಓದಿದರು, ಈ ಸಲ ಬೇಕೆಂದೇ, ಒಂದಕ್ಷರ ಬಿಡದೆ. ಯಾವ ಸಾಲಿಗೆ ಏನು ಉತ್ತರ ಬರೆಸಬೇಕೆಂದೂ ಹೇಳಿ ಹೋದರು. ಕೇರಿಯವರು ಬರೆಸಿದ್ದು ಒಂದೇ ಸಾಲು: ಏಳನೇ ಕಲ್ಲಿಗೆ ಬಂದು ನಿಮ್ಮ ಯಂತ್ರದಲ್ಲೇ ಅಳೆದು ನೋಡಿ. ಇದುವರೆಗೆ ಯಾರೂ ಬಂದಿಲ್ಲ. ಹೊಸ ನಕ್ಷೆ ಅಚ್ಚಾಗಿಲ್ಲ. ಇಪ್ಪತ್ತನಾಲ್ಕು ಮನೆಯೂ ಇದ್ದಲ್ಲೇ ಇವೆ. ತೂಕದಕ್ಕ ಮಾತ್ರ ದಿನಾ ಬೆಳಿಗ್ಗೆ ಎದ್ದು ಮನೆಗಳನ್ನು ಒಂದು ಸಲ ಎಣಿಸಿಯೇ ಮುಖ ತೊಳೆಯುತ್ತಾಳೆ.

ತುದಿಯ ದೀಪಕ್ಕೆ ಬ್ಯಾಟರಿ ಬೇಕೇ ಬೇಕು. ಹದಿನೇಳು ದಿನ ಕತ್ತಲಲ್ಲಿ ಹಡಗುಗಳು ಕೂಗಿಕೊಂಡ ಮೇಲೆ ಆಫೀಸೇ ಕೇರಿಗೆ ಹೇಳಿ ಕಳಿಸಿತು. ಈಗ ಹೊರೆಯವರು ಏಳನೆಯದರಲ್ಲಿ ದಣಿವಾರಿಸಿಕೊಳ್ಳುವಾಗ ಹೊರೆಯನ್ನು ಇಳಿಸುವುದು ಆ ಚಪ್ಪಡಿಯ ಮೇಲೆಯೇ. ನುಣ್ಣಗೆ, ಅಗಲವಾಗಿ, ಬಹಳ ಅನುಕೂಲವಾಗಿದೆ. ಬ್ಯಾಟರಿ ಉಜ್ಜಿ, ಕಬ್ಬಿಣ ಉಜ್ಜಿ ಸಾಹೇಬನ ಹೆಸರಿನ ಮೊದಲ ನಾಲ್ಕಕ್ಷರ ಆಗಲೇ ಸವೆದಿವೆ. ಅಷ್ಟು ಉದ್ದದ ಹೆಸರು ಪೂರ್ತಿ ಸವೆಯಲು ಇನ್ನೂ ಎರಡು ತಲೆಮಾರು ಬೇಕು. ಬೆನ್ನುಗಳಿಗೇನೂ ಬರವಿಲ್ಲ.

ಹೊಸದಾಗಿ ಹೊರಲು ಬಂದವರು ಅವಸರದಲ್ಲಿ ಹೊರೆಯನ್ನು ಚಪ್ಪಡಿಯ ಕೆಳತುದಿಗೆ ಇಳಿಸಲು ಹೋದರೆ ಮಾತ್ರ ತೂಕದಕ್ಕ ಕೂಗುತ್ತಾಳೆ.

“ಏಯ್, ಅಂಕಿ ಮೇಲೆ ಇಡಬೇಡ್ರೋ. ಹೆಸರಿನ ಮೇಲೆ ಇಡಿ. ಅಂಕಿ ನಿಜ.”